ಕರಿ ಕಾರಿನ ಸಾಹೇಬರು

ಕಲಬುರಗಿಯಲ್ಲಿ ಕರಿ ಕಾರು ಕೊಳ್ಳುವವರು ಎರಡು ಥರ. ತೊಳೆಯಲು ಡ್ರೈವರ್ ಇರುವವರು ಒಂದು ಥರ, ಊರಿನ ಬೋರಿನ ನೀರು ಎಂಥದ್ದೆಂದು ಗೊತ್ತಿಲ್ಲದವರು ಇನ್ನೊಂದು ಥರ. ಐವಾನ್-ಎ-ಶಾಹಿ ಬಡಾವಣೆಯ ನಮ್ಮ ಸಾಹೇಬರು ಎರಡಕ್ಕೂ ಸೇರಿದವರಲ್ಲ. ಡ್ರೈವರಿಲ್ಲ, ನೀರಿನ ವಿಚಾರ ಚೆನ್ನಾಗಿ ಗೊತ್ತು, ಆದರೂ ಕರಿ ಕಾರೇ ಬೇಕೆಂದರು. ಬಿಸಿಲೂರು, ಬಿಳಿ ತೊಗೊಳ್ಳಿ ಎಂದು ಅಳಿಯ ಹೇಳಿದ. ಎದುರು ಮನೆಯ ಮೇಷ್ಟ್ರು ಹೇಳಿದರು. ಸಾಹೇಬರದು ಒಂದೇ ಮಾತು: “ಬಿಳಿ ಗಾಡಿ ಅಂದ್ರ ಸರಕಾರದ್ದು. ನೌಕರಿ ಮುಗಿಯೂತನಕ ಅದರಾಗೇ ತಿರಗೀನಿ. ಸ್ವಂತದ್ದರ ಕರೀದು ಇರ್ಲಿ ಬಿಡ್ರಿ.”

ಅವರ ಹೆಸರು ಬೇಕಿಲ್ಲ. ಇಂಥವರು ಓಣಿಗೊಬ್ಬರು ಇದ್ದೇ ಇರುತ್ತಾರೆ. ನಿವೃತ್ತಿಯ ಹಣದಲ್ಲಿ ಕಾರು ತೆಗೆದುಕೊಂಡಿರುತ್ತಾರೆ, ವಾರಕ್ಕೆ ಎರಡು ಸಲ ಹೊರಗೆ ಒಯ್ಯುತ್ತಾರೆ, ಮೂರು ಸಲ ತೊಳೆಯುತ್ತಾರೆ. ಓಣಿಯ ಮಕ್ಕಳ ಬಾಯಲ್ಲಿ ಅವರು ‘ಕಾರ್ ಕಾಕಾ’. ಚೆಂಡು ಕಾರಿನ ಕೆಳಗೆ ಹೋದರೆ ಯಾರು ತರಬೇಕೆಂದು ಆ ಮಕ್ಕಳು ಚೀಟಿ ಎತ್ತುತ್ತಾರೆ.

ಐವಾನ್-ಎ-ಶಾಹಿ ಎಂದರೆ ನಿಜಾಮರು ಈ ಕಡೆ ಬಂದಾಗ ಇಳಿದುಕೊಳ್ಳುತ್ತಿದ್ದ ಬಂಗಲೆ. ಈಗ ಅದು ಸರಕಾರಿ ಅತಿಥಿಗೃಹ. ಮಂತ್ರಿಗಳು ಬಂದರೆ ಅಹವಾಲು ಹಿಡಿದವರ ಗುಂಪು ಅದರ ಅಂಗಳ ತುಂಬುತ್ತದೆ. ಸುತ್ತಲಿನ ಬಡಾವಣೆಗೂ ರಸ್ತೆಗೂ ಅದೇ ಹೆಸರು. ಅಲ್ಲಿ ಬಿಳಿ ಸರಕಾರಿ ಗಾಡಿಗಳು ಸಾಲಾಗಿ ನಿಂತಿರುತ್ತವೆ, ಪಕ್ಕದಲ್ಲಿ ಬಕೇಟು ಹಿಡಿದ ಡ್ರೈವರುಗಳು. ಸಾಹೇಬರು ಬೆಳಗಿನ ವಾಕಿಂಗ್ ನೆಪದಲ್ಲಿ ಆ ಕಡೆ ಹೋಗುವುದೇ ಅವರು ಹೇಗೆ ತೊಳೆಯುತ್ತಾರೆಂದು ನೋಡಲು. ನೋಡಿ, ತುಟಿ ಬಿಗಿದು, ತಲೆಯಾಡಿಸಿ ಮುಂದೆ ನಡೆಯುತ್ತಾರೆ. ಡ್ರೈವರುಗಳು ಇವರನ್ನು ಯಾವುದೋ ತಪಾಸಣೆಗೆ ಬಂದವರೆಂದು ತಿಳಿದು ಒಂದಿಷ್ಟು ದಿನ ಸಲಾಮು ಹೊಡೆದದ್ದೂ ಉಂಟು.

ಕಾರು ಬಂದ ಮೊದಲ ತಿಂಗಳಲ್ಲೇ ಬಾನೆಟ್ಟಿನ ಮೇಲೆ ಕಲೆಗಳು ಕಾಣಿಸಿಕೊಂಡವು. ನಡುವೆ ಖಾಲಿ, ಅಂಚಿನಲ್ಲಿ ಬೆಳ್ಳನೆಯ ಉಂಗುರ, ಒಂದರ ಪಕ್ಕ ಒಂದು, ಗಾಜಿನವರೆಗೂ. ಸಾಹೇಬರು ಮೊದಲು ಹಕ್ಕಿಗಳ ಮೇಲೆ ಅನುಮಾನಪಟ್ಟರು, ಆಮೇಲೆ ಚೆಂಡಾಟದ ಮಕ್ಕಳ ಮೇಲೆ. ಕೊನೆಗೆ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುವ ಮಗಳು ರಜೆಗೆ ಬಂದವಳು ಉಗುರಿನಿಂದ ಕೆರೆದು ನೋಡಿ, “ಅಪ್ಪಾಜಿ, ಇದು ಸುಣ್ಣ. ನೀವೇ ಬಳದೀರಿ” ಅಂದಳು.

ಬೋರಿನ ನೀರು ಬಂಡೆಯ ಸಂದಿಗಳಲ್ಲಿ ಇಳಿದು ಬರುವಾಗ ಕ್ಯಾಲ್ಸಿಯಂ, ಮೆಗ್ನೀಸಿಯಂಗಳನ್ನು ಕರಗಿಸಿಕೊಂಡೇ ಬರುತ್ತದೆ. ಅವು ಬೈಕಾರ್ಬೊನೇಟ್ ಆಗಿರುವಷ್ಟು ಹೊತ್ತು ಕಣ್ಣಿಗೆ ಕಾಣವು. ಹನಿ ಆರುತ್ತಿದ್ದಂತೆ ಇಂಗಾಲದ ಡೈಆಕ್ಸೈಡ್ ಗಾಳಿಗೆ ಹೋಗಿ, ನೀರು ಆವಿಯಾಗಿ, ಕ್ಯಾಲ್ಸಿಯಂ ಕಾರ್ಬೊನೇಟ್ ಅಲ್ಲೇ ಕೂರುತ್ತದೆ. ಹನಿ ಅಂಚಿನಲ್ಲಿ ಬೇಗ ಆರುವುದರಿಂದ ನಡುವಿನ ನೀರು ಅಂಚಿನ ಕಡೆಗೆ ಹರಿಯುತ್ತದೆ, ಹರಿಯುವಾಗ ತನ್ನಲ್ಲಿದ್ದದ್ದನ್ನೂ ಒಯ್ಯುತ್ತದೆ. ಮೇಜಿನ ಮೇಲೆ ಚೆಲ್ಲಿದ ಕಾಫಿ ಆರಿದ ಮೇಲೆ ಉಂಗುರವಾಗುವುದೇಕೆ ಎಂಬ ಪ್ರಶ್ನೆಗೆ ಶಿಕಾಗೋ ವಿಶ್ವವಿದ್ಯಾಲಯದ ಭೌತವಿಜ್ಞಾನಿಗಳು 1997ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಕೊಟ್ಟ ಉತ್ತರ ಇದು. ಮಗಳು ಇದನ್ನು ಹೇಳಿದಾಗ ಸಾಹೇಬರಿಗೆ ದುಃಖದ ನಡುವೆಯೂ ಸಮಾಧಾನವಾಯಿತು. ತಮ್ಮ ಬಾನೆಟ್ಟಿನ ತೊಂದರೆಯ ಬಗ್ಗೆ ಅಮೆರಿಕದವರೂ ತಲೆ ಕೆಡಿಸಿಕೊಂಡಿದ್ದಾರಲ್ಲ!

ಬಿಸಿಲು ಇದಕ್ಕೆ ಜೊತೆಗಾರ. ಏಪ್ರಿಲ್-ಮೇ ತಿಂಗಳಲ್ಲಿ ಈ ಊರಿನ ಉಷ್ಣಾಂಶ 42 ಡಿಗ್ರಿ ದಾಟುವುದು ಸುದ್ದಿಯೇ ಅಲ್ಲ. ಕರಿ ತಗಡು ಅದಕ್ಕಿಂತ ಎಷ್ಟೋ ಹೆಚ್ಚು ಕಾದಿರುತ್ತದೆ. ಅದರ ಮೇಲೆ ನೀರು ಬಿದ್ದರೆ ಒರೆಸುವ ಬಟ್ಟೆ ಹುಡುಕುವುದರೊಳಗೆ ಆರಿ ಸುಣ್ಣವಾಗಿರುತ್ತದೆ. ಹಾಗೇ ದಿನಗಟ್ಟಲೆ ಬಿಟ್ಟರೆ ಕಲೆ ಬಣ್ಣದ ಮೇಲಿನ ಪಾರದರ್ಶಕ ಪದರಕ್ಕೇ ಕಚ್ಚಿಕೊಳ್ಳುತ್ತದೆ. ಆಮೇಲೆ ಪಾಲಿಶ್ ಮಾಡಿಸದೆ ಹೋಗದು.

ಈ ಜಿಲ್ಲೆಗೂ ಸುಣ್ಣಕ್ಕೂ ಇರುವ ನಂಟು ಇಂದು ನಿನ್ನೆಯದಲ್ಲ. ಶಹಾಬಾದ, ಚಿತ್ತಾಪುರ, ಸೇಡಂ ಕಡೆ ನೆಲದ ತುಂಬ ಸುಣ್ಣಗಲ್ಲು. ವಾಡಿ, ಸೇಡಂ, ಮಳಖೇಡದಲ್ಲಿ ಸಿಮೆಂಟ್ ಕಾರ್ಖಾನೆಗಳು ಎದ್ದದ್ದು ಅದನ್ನು ನಂಬಿಕೊಂಡೇ. ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಳಖೇಡ ಈಗ ಸಿಮೆಂಟ್ ಮೂಟೆಯ ಮೂಲಕ ದೇಶಕ್ಕೆ ಪರಿಚಯ. ಅದೇ ಸುಣ್ಣಗಲ್ಲನ್ನು ಹಲಗೆಯಂತೆ ಸೀಳಿದರೆ ಶಹಾಬಾದಿ ಫರಸಿ. ಕಲಬುರಗಿಯ ಮನೆಗಳ ನೆಲ, ಕಟ್ಟೆ, ಮೆಟ್ಟಿಲು, ಬಟ್ಟೆ ಒಗೆಯುವ ಕಲ್ಲು ಎಲ್ಲವೂ ಫರಸಿಯೇ. ಸಾಹೇಬರು ಯಾವ ಕ್ಯಾಲ್ಸಿಯಂ ಕಾರ್ಬೊನೇಟನ್ನು ಬಾನೆಟ್ಟಿನಿಂದ ಓಡಿಸಬೇಕೆಂದು ಬೆವರು ಸುರಿಸುತ್ತಾರೋ ಅದರ ಮೇಲೆಯೇ ಬರಿಗಾಲಲ್ಲಿ ನಿಂತಿರುತ್ತಾರೆ.

ಶತ್ರು ಯಾರೆಂದು ತಿಳಿದ ಮೇಲೆ ಸಾಹೇಬರು ಕಚೇರಿಯ ಹಳೆಯ ಕ್ರಮಕ್ಕೆ ಮರಳಿದರು. ಒಂದು ಫೈಲು ತೆರೆದರು. ನೀರಿನಲ್ಲಿ ಕರಗಿದ ಲವಣ ಅಳೆಯುವ ಟಿಡಿಎಸ್ ಮೀಟರ್ ತರಿಸಿದರು. ಥರ್ಮಾಮೀಟರಿನಷ್ಟೇ ಗಾತ್ರದ ಆ ಕಡ್ಡಿ ಶರ್ಟಿನ ಜೇಬಿನಲ್ಲಿ ಪೆನ್ನಿನ ಪಕ್ಕ ಸ್ಥಾನ ಪಡೆಯಿತು. ಮದುವೆಗೆ ಹೋದರೂ ಊಟದ ಲೋಟಕ್ಕೆ ಅದ್ದಿ ನೋಡುತ್ತಾರೆ. ಬೀಗರ ಕಡೆಯವರು ವರದಕ್ಷಿಣೆಯ ಬಂಗಾರ ಒರೆ ಹಚ್ಚುತ್ತಿದ್ದಾರೇನೋ ಎಂದು ಹೌಹಾರಿದ ಪ್ರಸಂಗವೂ ನಡೆದಿದೆ. ಮಗಳು ಇದಕ್ಕೂ ತಣ್ಣೀರೆರಚಿದಳು. ಈ ಮೀಟರು ಅಳೆಯುವುದು ವಿದ್ಯುತ್ ಹರಿಯುವ ಗುಣವನ್ನು. ಅಡುಗೆ ಉಪ್ಪು ಬೆರೆತರೂ ಏರುತ್ತದೆ, ಕ್ಯಾಲ್ಸಿಯಂ, ಮೆಗ್ನೀಸಿಯಂಗಳಿಂದ ಬರುವ ಗಡಸುತನ ಎಷ್ಟೆಂದು ಅದಕ್ಕೆ ತಿಳಿಯದು. ಗಡಸುತನ ತಿಳಿಯಲು ಹಳೆಯ ಉಪಾಯವೇ ಒಳ್ಳೆಯದು: ಬಾಟಲಿಯಲ್ಲಿ ಅರ್ಧ ನೀರು, ನಾಲ್ಕು ಹನಿ ಸಾಬೂನಿನ ದ್ರಾವಣ, ಮುಚ್ಚಳ ಹಾಕಿ ಕುಲುಕುವುದು. ನೊರೆ ನಿಂತರೆ ಮೆದು ನೀರು. ಹಾಲೊಡೆದ ಹಾಗೆ ಬಿಳಿ ಚೂರು ತೇಲಿದರೆ ಗಡಸು. ಸ್ಕಾಟ್ಲೆಂಡಿನ ಥಾಮಸ್ ಕ್ಲಾರ್ಕ್ ಎಂಬ ರಸಾಯನಶಾಸ್ತ್ರಜ್ಞ 19ನೇ ಶತಮಾನದಲ್ಲಿ ಸಾಬೂನಿನಿಂದಲೇ ಗಡಸುತನಕ್ಕೆ ಅಂಕ ಕೊಟ್ಟವನು.

ಭಾರತೀಯ ಮಾನಕ ಬ್ಯೂರೋದ ಐಎಸ್ 10500 ಪ್ರಕಾರ ಕುಡಿಯುವ ನೀರಿನ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿರಬೇಕು; ಬೇರೆ ಮೂಲವೇ ಇಲ್ಲವೆಂದಾದರೆ 600ರವರೆಗೆ ನಡೆಯುತ್ತದೆ. ಮನುಷ್ಯರಿಗೆ ಇಷ್ಟು ರಿಯಾಯಿತಿ ಕೊಟ್ಟವರು ಬಾನೆಟ್ಟಿನ ಬಗ್ಗೆ ಒಂದು ಸಾಲೂ ಬರೆಯಲಿಲ್ಲವಲ್ಲ ಎಂಬುದು ಸಾಹೇಬರ ತಕರಾರು. ಅರ್ಜಿ ಬರೆದಿಟ್ಟಿದ್ದಾರೆ. ಕಳಿಸದಂತೆ ಮಗಳು ತಡೆದಿದ್ದಾಳೆ.

ಅವರ ಮನೆಗೆ ಎರಡು ನೀರು. ನಳದಲ್ಲಿ ಬರುವುದು ಸಿಹಿ ನೀರು. ಭೀಮಾ ನದಿಯಿಂದ, ಬೆಣ್ಣೆತೊರೆಯಿಂದ ಊರಿಗೆ ಬರುವಂಥದ್ದು. ಇನ್ನೊಂದು ಬೋರಿನ ಸವುಳು ನೀರು. ಮೊದಲಿದ್ದ ಪದ್ಧತಿ ಸರಳ: ನಳದ ನೀರು ಅಡುಗೆಗೆ, ಕುಡಿಯಲಿಕ್ಕೆ, ಬೋರಿನದು ಬಳಕೆಗೆ. ಫೈಲು ತೆರೆದ ಮೇಲೆ ಪದ್ಧತಿ ಬದಲಾಯಿತು. ನಳ ಬಂದ ದಿನ ಮೊದಲ ಎರಡು ಬಕೇಟು ಕಾರಿನ ಹೆಸರಿಗೆ ಮೀಸಲಾಗಿ ಮೂಲೆ ಸೇರಿದವು, ಮೇಲೆ ಮುಚ್ಚಳ, ಮುಚ್ಚಳದ ಮೇಲೆ ಇಟ್ಟಂಗಿ. ಅಡುಗೆಮನೆಗೆ ನೀರು ಕಡಿಮೆಬಿದ್ದ ಒಂದು ದಿನ ಬೋರಿನ ನೀರಿನಲ್ಲಿ ಬ್ಯಾಳಿ ಇಡಬೇಕಾಯಿತು.

ಇಲ್ಲಿ ಬ್ಯಾಳಿಯ ಮಹತ್ವ ಹೇಳಬೇಕು. ಈ ಜಿಲ್ಲೆ ತೊಗರಿಯ ಕಣಜ. ಗುಲ್ಬರ್ಗಾ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿದೆ. ರುಚಿಯಷ್ಟೇ ಬೇಗ ಬೇಯುವುದೂ ಅದರ ಹೆಗ್ಗಳಿಕೆ. ಆದರೆ ಗಡಸು ನೀರಿನ ಕ್ಯಾಲ್ಸಿಯಂ ಬೇಳೆಯ ಕೋಶಗಳನ್ನು ಅಂಟಿಸಿಟ್ಟಿರುವ ಪೆಕ್ಟಿನ್ ಜೊತೆ ಸೇರಿ ಅದನ್ನು ಇನ್ನೂ ಬಿಗಿ ಮಾಡುತ್ತದೆ. ಕುಕ್ಕರು ಎಷ್ಟು ಸೀಟಿ ಹೊಡೆದರೂ ಬೇಳೆ ಕಾಳುಕಾಳಾಗಿ ಮೇಲೆ ನೋಡುತ್ತಿರುತ್ತದೆ. ಚಿಟಿಕೆ ಸೋಡಾ ಹಾಕುವುದು ಈ ಕಡೆ ಹೆಂಗಸರು ಬಲ್ಲ ಪರಿಹಾರ, ಆದರೆ ಜೀವಸತ್ವವೂ ರುಚಿಯೂ ಕೆಡುತ್ತವೆ.

ಸಾಹೇಬರ ಮನೆಯವರು ಸೌಟು ಹಿಡಿದೇ ಅಂಗಳಕ್ಕೆ ಬಂದರು. “ಏನ್ರೀ, ಭೀಮಾದ ನೀರು ಆ ತಗಡಿಗಿ ಸುರೀಲತ್ತೀರಿ, ಇಲ್ಲಿ ಬ್ಯಾಳಿ ಬೇಯವಲ್ದು. ಇವತ್ತ ಊಟಕ್ಕ ಕಾರೇ ಬಡಸ್ಲೇನು?”

ಸಾಹೇಬರು ಬಾಗಿಲ ಕನ್ನಡಿ ಒರೆಸುವುದರಲ್ಲಿದ್ದರು. ತಲೆ ಎತ್ತಲಿಲ್ಲ. “ಕಡೀ ಸಲ ತೊಳಿಯೂದಕ್ಕ ಅಷ್ಟೇ ಹಾಕ್ಲತ್ತೀನಿ. ಮೊದಲಿಂದೆಲ್ಲಾ ಬೋರಿಂದೇ.”

“ಬ್ಯಾಳಿಗೂ ಹಂಗೇ ಮಾಡ್ಲೇನು? ಬೋರಿನ ನೀರಾಗ ಕುದಿಸಿ, ಭೀಮಾದ ನೀರಾಗ ಜಳಕ ಮಾಡ್ಸಲಿ?”

ಅಂದಿನಿಂದ ನಳದ ನೀರು ಕಾರಿಗೆ ಬಂದ್. ಸಾಹೇಬರು ಬೇರೆ ಮೂಲ ಹುಡುಕಬೇಕಾಯಿತು. ನೀರು ಶುದ್ಧಿ ಮಾಡುವ ಆರ್‌ಒ ಯಂತ್ರದಿಂದ ಹೊರಬೀಳುವ ನೀರು ದಂಡವಾಗಿ ಹೋಗುತ್ತದಲ್ಲ, ಅದರಿಂದ ಕಾರು ತೊಳೆಯಿರಿ ಎಂದು ಪತ್ರಿಕೆಗಳ ‘ನೀರುಳಿಸಿ’ ಪುಟ ಹೇಳುತ್ತಲೇ ಇರುತ್ತದೆ. ಸಾಹೇಬರು ಖುಷಿಯಿಂದ ಅದನ್ನೇ ಸುರಿದರು. ಕಲೆಗಳು ಹಿಂದೆಂದೂ ಇಲ್ಲದಷ್ಟು ದಟ್ಟವಾಗಿ ಮೂಡಿದವು. ಪೊರೆ ದಾಟಲಾರದೆ ಉಳಿದ ಲವಣವೆಲ್ಲ ಸೇರಿರುವುದು ಆ ನೀರಿನಲ್ಲೇ. ನೆಲ ಒರೆಸಲಿಕ್ಕೆ, ಪಾಯಿಖಾನೆಗೆ ಅದು ಸರಿ, ಕರಿ ಬಾನೆಟ್ಟಿಗಲ್ಲ. ಸಲಹೆ ಕೊಡುವವರು ಬಿಳಿ ಕಾರಿನವರು ಇರಬೇಕು.

ಏರ್‌ಕಂಡಿಷನರಿನ ಕೊಳವೆಯಿಂದ ತೊಟ್ಟಿಕ್ಕುವ ನೀರು ಇದಕ್ಕೆ ತದ್ವಿರುದ್ಧ. ಗಾಳಿಯ ತೇವ ತಣ್ಣನೆಯ ಸುರುಳಿಗೆ ತಾಗಿ ಹನಿಯಾಗುವುದರಿಂದ ಅದರಲ್ಲಿ ಸುಣ್ಣವೂ ಇಲ್ಲ, ಉಪ್ಪೂ ಇಲ್ಲ. ಮಳೆಗಾಲದಲ್ಲಿ ಸಾಹೇಬರು ಕೊಳವೆಯ ಕೆಳಗೆ ಬಕೇಟಿಟ್ಟು, ಚಳಿಯಾಗುತ್ತದೆಂದು ಮೊಮ್ಮಕ್ಕಳು ಅತ್ತರೂ ರಾತ್ರಿಯಿಡೀ ಯಂತ್ರ ನಡೆಸಿ ನೀರು ಕೂಡಿಸಿದರು. ಕರೆಂಟ್ ಬಿಲ್ ಬಂದಾಗ ಆ ನೀರು ಪೆಟ್ರೋಲಿಗಿಂತ ತುಟ್ಟಿ ಎಂದು ಲೆಕ್ಕ ಸಿಕ್ಕಿತು. ಬೇಸಿಗೆಯಲ್ಲಂತೂ ಈ ಊರಿನ ಒಣಗಾಳಿಯಲ್ಲಿ ತೇವವೇ ಇರದೆ ಕೊಳವೆ ಬಾಯಿ ಬಿಟ್ಟು ಕೂತಿರುತ್ತದೆ. ಹೆಚ್ಚಿನ ಮನೆಗಳ ಕೂಲರಿನ ಕಥೆ ಇನ್ನೊಂದು. ಅಲ್ಲಿ ನೀರು ಆರಿ ಆರಿ ಹುಲ್ಲಿನ ಪರದೆಯೇ ಬಿಳಿಗಟ್ಟಿ ಕಲ್ಲಾಗುತ್ತದೆ. ಪ್ರತಿ ಮಾರ್ಚಿನಲ್ಲಿ ಅದನ್ನು ಕಿತ್ತು ಹೊಸದು ಹಾಕಿಸುವಾಗ ಯಾರಿಗೂ ದುಃಖವಾಗುವುದಿಲ್ಲ. ಕೂಲರ್ ಕರಿ ಬಣ್ಣದ್ದಲ್ಲವಲ್ಲ.

ಆಗ ಹೊಳೆದದ್ದು ಕಮಲಾಪುರ. ಹುಮನಾಬಾದ್ ರಸ್ತೆಯಲ್ಲಿ, ಕೆಂಬಾಳೆಗೆ ಹೆಸರಾದ ಊರು. ಅಲ್ಲಿ ಸಾಹೇಬರ ಷಡ್ಡಕರ ಹೊಲವಿದೆ, ಹೊಲದಲ್ಲಿ ಬಾವಿ. ಬಾಟಲಿ ಕುಲುಕಿ ನೋಡಿದರು: ನೊರೆ ನಿಂತಿತು. ಹಿಂದಿನ ಸೀಟು ಮಡಚಿ ನಾಲ್ಕು ಕ್ಯಾನು ತುಂಬಿಕೊಂಡರು, ಜೊತೆಗೆ ಒಂದು ಗೊನೆ ಕೆಂಬಾಳೆ. ಮನೆ ಮುಟ್ಟುವಷ್ಟರಲ್ಲಿ ಹೆದ್ದಾರಿಯ ಲಾರಿಗಳ ಧೂಳು, ಹೊಲದ ಕೆಸರು, ಗಾಜಿಗೆ ಬಡಿದ ಹುಳು ಎಲ್ಲ ಸೇರಿ ಕಾರು ಯಾವ ಬಣ್ಣದ್ದೆಂದು ಹೇಳಲಾಗದಂತಾಗಿತ್ತು. ತಂದ ನೀರು ಆ ಹೊಲಸು ತೊಳೆಯಲಿಕ್ಕೇ ಮುಗಿಯಿತು. ಮರುವಾರ ಮತ್ತೆ ಹೋದರು. ಮೂರನೇ ವಾರ ಷಡ್ಡಕರೇ ಫೋನು ಮಾಡಿ, “ಸಾಹೇಬ್ರ, ಕಾರು ಇಲ್ಲೇ ಬಿಡ್ರಿ, ನಾನೇ ತೊಳೀತೀನಿ. ನೀವು ಬಸ್ಸಿಗಿ ಬಂದು ನೋಡ್ಕೊಂಡ್ ಹೋಗ್ರಿ” ಎಂದರಂತೆ.

ಇಷ್ಟೆಲ್ಲ ಆದರೂ ಸಾಹೇಬರ ಕೈಚಳಕಕ್ಕೆ ಮೆಚ್ಚಲೇಬೇಕು. ಸೂರ್ಯ ಹುಟ್ಟುವ ಮುಂಚೆ ಎದ್ದು ಬಾನೆಟ್ಟಿನ ಮೇಲೆ ಅಂಗೈ ಇಟ್ಟು ಜ್ವರ ನೋಡುತ್ತಾರೆ. ತಣ್ಣಗಿದ್ದರೆ ಮಾತ್ರ ಮುಂದಿನ ಕೆಲಸ. ಬಟ್ಟೆ ಸಾಬೂನು ಹತ್ತಿರ ಸುಳಿಯುವಂತಿಲ್ಲ. ಗಡಸು ನೀರಿನೊಂದಿಗೆ ಸೇರಿ ಅದು ಇನ್ನೊಂದು ಬಗೆಯ ಅಂಟುಕಲೆ ಬಿಡುತ್ತದೆ. ಪಾತ್ರೆ ತೊಳೆಯುವ ದ್ರಾವಣವೂ ಇಲ್ಲ, ಮೇಣದ ಪದರವನ್ನು ಅದು ಕಿತ್ತುಕೊಂಡು ಹೋಗುತ್ತದೆ. ಕಾರಿನ ಶಾಂಪೂ ಒಂದು ಮುಚ್ಚಳ. ಚಾವಣಿಯಿಂದ ಶುರು, ಗಾಲಿ ಕೊನೆಗೆ. ಇಡೀ ಕಾರು ಒಮ್ಮೆಲೇ ನೆನೆಸುವುದಿಲ್ಲ: ಒಂದು ಬಾಗಿಲು ತೊಳೆದು, ಒರೆಸಿ, ಆಮೇಲೆ ಇನ್ನೊಂದು. ಕೊನೆಯ ನೀರು ಹಾಕುವಾಗ ಪೈಪಿನ ಮೂತಿ ತೆಗೆದು, ಹನಿಹನಿಯಾಗಿ ಸಿಡಿಯದ ಹಾಗೆ, ಮೇಲಿನಿಂದ ಒಂದೇ ಹಾಳೆಯಾಗಿ ಜಾರಿಸುತ್ತಾರೆ. ಬಹುಪಾಲು ನೀರು ತಾನೇ ಇಳಿದುಹೋಗುತ್ತದೆ. ಉಳಿದದ್ದನ್ನು ದಪ್ಪ ಮೈಕ್ರೋಫೈಬರ್ ಬಟ್ಟೆ ಹಾಸಿ, ಉಜ್ಜದೆ ಎಳೆದುಕೊಳ್ಳುತ್ತಾರೆ. ನಂಬರ್ ಪ್ಲೇಟಿನ ‘ಕೆಎ 32’ರ ಉಬ್ಬು ಅಕ್ಷರಗಳ ಸಂದಿ, ಬಾಗಿಲ ಹಿಡಿಕೆಯ ಒಳಗು, ಕನ್ನಡಿಯ ಕೆಳಗಿನ ಸೀಳು, ಇಲ್ಲೆಲ್ಲ ನೀರು ಅಡಗಿ ಕುಳಿತು ಒಂದು ತಾಸಿನ ಮೇಲೆ ಗೆರೆಯಾಗಿ ಇಳಿಯುತ್ತದೆಂದು ಗೊತ್ತಿರುವುದರಿಂದ ಮಗಳ ಹೇರ್ ಡ್ರೈಯರ್ ತಂದು ಊದುತ್ತಾರೆ. ಮೂರು ತಿಂಗಳಿಗೊಮ್ಮೆ ಮೇಣ. ಮೇಣವಿದ್ದರೆ ಕಲೆ ಬಣ್ಣವನ್ನು ನೇರವಾಗಿ ಮುಟ್ಟುವುದಿಲ್ಲ, ಒರೆಸಿದರೆ ಬೇಗ ಬಿಡುತ್ತದೆ.

ಇದನ್ನೆಲ್ಲ ಒಂದು ದಿನ ಅತಿಥಿಗೃಹದ ಹೊರಗೆ ಒಬ್ಬ ಹಿರಿಯ ಡ್ರೈವರಿಗೆ ಸಾಹೇಬರು ವಿವರಿಸಿದರು. ಆತ ಬೋರಿನ ನೀರಲ್ಲೇ ಗಾಡಿ ತೊಳೆದು, ಹಳೆಯ ಧೋತ್ರದ ತುಂಡಿನಿಂದ ಒರೆಸುತ್ತಿದ್ದ. ಗಾಜಿನ ಮೇಲೆ ಒಂದು ಚುಕ್ಕೆಯೂ ಇರಲಿಲ್ಲ. ಕೊನೆಯವರೆಗೂ ತಾಳ್ಮೆಯಿಂದ ಕೇಳಿ, “ಆರೂದರಾಗ ಒರಸಬೇಕ್ರಿ ಸಾಹೇಬ್ರ. ಮತ್ತೇನದ ಅದರಾಗ?” ಅಂದ. ಸಾಹೇಬರು ಆ ದಿನ ವಾಕಿಂಗ್ ಅರ್ಧಕ್ಕೇ ಮುಗಿಸಿದರು.

ಆಗಲೇ ಬಿದ್ದ ಕಲೆಗೆ ಮದ್ದು ಹುಳಿ. ಆಯುಧಪೂಜೆಗೆ ತಂದ ಇಂಡಿಯ ಲಿಂಬೆಯಲ್ಲಿ ನಾಲ್ಕು ಗಾಲಿಯ ಕೆಳಗೆ ಹೋದರೆ ಉಳಿದವು ಬಾನೆಟ್ಟಿಗೆ ಬಂದವು. ಇಲ್ಲವೇ ವಿನೆಗರಿಗೆ ಅಷ್ಟೇ ನೀರು ಬೆರೆಸಿ ಬಟ್ಟೆಯಲ್ಲಿ ಅದ್ದಿ ಕಲೆಯ ಮೇಲೆ ಒಂದೆರಡು ನಿಮಿಷ ಇಟ್ಟರೆ ಆಮ್ಲ ಸುಣ್ಣವನ್ನು ಕರಗಿಸುತ್ತದೆ. ಆಮೇಲೆ ಚೆನ್ನಾಗಿ ತೊಳೆದು ಒರೆಸಬೇಕು, ಮೇಣ ಮತ್ತೆ ಹಚ್ಚಬೇಕು. ಎದುರು ಮನೆಯ ಮೇಷ್ಟ್ರು ಬಚ್ಚಲು ತೊಳೆಯುವ ಆಸಿಡ್ ಕೊಡಲು ಬಂದಿದ್ದರು. ಅವರನ್ನು ಸಾಹೇಬರು ಗೇಟಿನಿಂದಲೇ ವಾಪಸು ಕಳಿಸಿದ್ದು ಪುಣ್ಯ. ಆ ಆಸಿಡ್ ಕಲೆಯ ಜೊತೆ ಕ್ರೋಮಿನ ಪಟ್ಟಿಯನ್ನೂ ಒಯ್ಯುತ್ತಿತ್ತು.

ವಿನೆಗರ್ ಪ್ರಯೋಗ ಗೆದ್ದಿತು. ಬಾನೆಟ್ಟು ಕನ್ನಡಿಯಾಯಿತು. ಆದರೆ ಅಲ್ಲಿಂದ ಸೋರಿದ ವಿನೆಗರ್ ಕೆಳಗಿನ ಫರಸಿಯ ಮೇಲೆ ಸಣ್ಣಗೆ ಗುಳ್ಳೆಯೇಳಿಸಿತ್ತು. ಆಮ್ಲಕ್ಕೆ ಬಾನೆಟ್ಟಿನ ಸುಣ್ಣ, ನೆಲದ ಸುಣ್ಣ ಎಂಬ ಭೇದವಿಲ್ಲ. ಪಾಲಿಶ್ ಮಾಡಿಸಿದ ಕಲ್ಲಿನ ಮೇಲೆ, ಸರಿಯಾಗಿ ರಂಗೋಲಿ ಹಾಕುವ ಜಾಗದಲ್ಲಿ, ಹೊಳಪು ಸತ್ತ ಮಬ್ಬು ಕಲೆಗಳು ಬಿದ್ದವು. ಇವು ಒರೆಸಿದರೆ ಹೋಗುವಂಥವಲ್ಲ, ಕಲ್ಲೇ ಕರಗಿತ್ತು. ಸಾಹೇಬರ ಮನೆಯವರು ಬಂದು ನೋಡಿದರು. ಏನೂ ಅನ್ನಲಿಲ್ಲ. ಸಾಹೇಬರಿಗೆ ಅದೇ ಹೆಚ್ಚು ಭಯವಾಯಿತು. ಮರುದಿನ ಕಾರು ಓಣಿಗೆ ಬಂದು ನಿಂತಿತು, ಅಂಗಳದ ಗೇಟಿಗೆ ಬೀಗ ಬಿತ್ತು.

ಬೆಂಗಳೂರಿನಲ್ಲಿರುವ ತಂಗಿಯ ಮಗ ಇವರ ಕಥೆ ಕೇಳಿ ಹೊಟ್ಟೆ ಹಿಡಿದು ನಕ್ಕ. 2024ರ ಮಾರ್ಚಿನಲ್ಲಿ ನೀರಿಗೆ ಹಾಹಾಕಾರವೆದ್ದಾಗ ಅಲ್ಲಿನ ಜಲಮಂಡಳಿ ಕುಡಿಯುವ ನೀರಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಎಂದು ಸಾರಿ, ವಸೂಲಿಯನ್ನೂ ಮಾಡಿತ್ತು. “ಮಾಮಾ, ನೀವು ಇಲ್ಲಿದ್ರ ಪೆನ್ಶನ್ನೆಲ್ಲಾ ದಂಡಕ್ಕೇ ಹೋಗ್ತಿತ್ತು” ಅಂದ. ಮಾಮಾ ಅದನ್ನೂ ಫೈಲಿಗೆ ಸೇರಿಸಿಕೊಂಡರು. ಒಂದು ಬಕೇಟಿನಲ್ಲಿ ಕಾರು ತೊಳೆಯುವ ಕ್ರಮ ಅಭ್ಯಾಸ ಮಾಡಿದರು. ಅದರ ಲಾಭ ಅವರಿಗೇ ಆಶ್ಚರ್ಯ ತಂದಿತು: ನೀರು ಕಡಿಮೆಯಾದಷ್ಟೂ ಆರಲು ಬಿಡುವ ಹನಿ ಕಡಿಮೆ, ಕಲೆಯೂ ಕಡಿಮೆ. ಮನೆಯವರು ನಳದ ನೀರಿನಲ್ಲಿ ವಾರಕ್ಕೆ ಒಂದು ತಂಬಿಗೆ ಮಂಜೂರು ಮಾಡಿದರು, ಕೊನೆಯ ಒರೆಸಿಗೆ.

ಐದು ವರ್ಷ ಕಳೆದ ಮೇಲೆ ಕಾರು ಬದಲಾಯಿಸುವ ಮಾತು ಬಂತು. ಈ ಸಲ ಮನೆಯವರೇ ಶೋರೂಮಿಗೆ ಕರೆದುಕೊಂಡು ಹೋಗಿ ಬಿಳಿ ಕಾರಿನ ಮುಂದೆ ನಿಲ್ಲಿಸಿದರು. ಸಾಹೇಬರು ಮೈಲೇಜು ಕೇಳಲಿಲ್ಲ, ಬೆಲೆ ಕೇಳಲಿಲ್ಲ. ಬಾನೆಟ್ಟಿನ ಮೇಲೆ ಬಾಗಿ, “ಇದರ ಮ್ಯಾಲೆ ನೀರಿನ ಕಲಿ ಕಾಣ್ತಾವೇನಪಾ?” ಎಂದರು.

“ಒಟ್ಟs ಕಾಣಂಗಿಲ್ರಿ ಸರ್” ಎಂದ ಹುಡುಗ, ಗಿರಾಕಿ ಕೈಗೆ ಸಿಕ್ಕ ಖುಷಿಯಲ್ಲಿ.

“ಬೀಳ್ತಾವೋ ಇಲ್ಲೋ?”

“ಬೀಳ್ತಾವ್ರಿ. ಖರೇ ಕಣ್ಣಿಗಿ ಕಾಣಂಗಿಲ್ಲ.”

ಸಾಹೇಬರು ಮನೆಯವರ ಕಡೆ ತಿರುಗಿದರು. “ಕೇಳ್ದೇನು? ಕಲಿ ಇರ್ತಾವಂತ, ಕಾಣಂಗಿಲ್ಲಂತ. ಕಾಣಲಾರದ್ದು ಒರಸೂದು ಹ್ಯಾಂಗ? ಬ್ಯಾಡಪಾ, ಕರೀದು ತೋರ್ಸು.”